ಯಾಕುಲ್ಟ್ ವಿಮರ್ಶೆ: 65 ಮಿಲಿಲೀಟರಿನಲ್ಲಿ 650 ಕೋಟಿ ಜೀವಿಗಳು, ಅವುಗಳಿಂದ ಆಗುವುದೆಷ್ಟು?

ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿಗಳಿಗೆ ಹೇಳುವ ಪ್ರೊಬಯಾಟಿಕ್ ಎಂಬ ಮಾತು ದಿನಸಿ ಅಂಗಡಿಗೂ ಔಷಧದ ಅಂಗಡಿಗೂ ಒಟ್ಟಿಗೇ ಬಂದು ನೆಲೆಸಿದ ಮೇಲೆ, ಕರುಳಿನ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಪದಾರ್ಥಗಳ ಪಟ್ಟಿ ಮೊಸರಿನಿಂದ ಹಿಡಿದು ಮಾತ್ರೆ, ಪುಡಿ, ಚಾಕೊಲೇಟಿನವರೆಗೆ ಬೆಳೆದಿದೆ. ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದೂ, ನನ್ನ ಮಟ್ಟಿಗೆ ಒರೆಗೆ ಹಚ್ಚಿ ನೋಡಲು ಹೆಚ್ಚು ಯೋಗ್ಯವಾದದ್ದೂ ಯಾಕುಲ್ಟ್ ಎಂಬ ಹುದುಗಿಸಿದ ಹಾಲಿನ ಪಾನೀಯದ ಕೆಂಪು ಮುಚ್ಚಳದ ಬಾಟಲಿ. ಒಳಗಿರುವ ಬ್ಯಾಕ್ಟೀರಿಯಾದ ತಳಿ ಯಾವುದು, ಅದು ಎಷ್ಟಿದೆ ಎಂಬುದನ್ನು ಈ ಬಾಟಲಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆ ತಳಿಯ ಮೇಲೆ ದಶಕಗಳಿಂದ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ದೊಡ್ಡದೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ನಮ್ಮ ಮನೆಯಲ್ಲಿಯೂ ಇದನ್ನು ಕೆಲಕಾಲ ತರಿಸಿ ಕುಡಿದದ್ದುಂಟು. ಆದರೆ ಹೊಟ್ಟೆಯ ವಿಷಯದಲ್ಲಿ ಒಂದು ಮನೆಯ ಅನುಭವಕ್ಕೆ ಹೆಚ್ಚು ಬೆಲೆ ಕೊಡಬಾರದು, ಏಕೆಂದರೆ ಹೊಟ್ಟೆಯುಬ್ಬರ, ಮಲಬದ್ಧತೆ, ಅಜೀರ್ಣಗಳು ಏನೂ ಮಾಡದೆ ಇದ್ದರೂ ಬಂದು ಹೋಗುವ ಸ್ವಭಾವದವು, ಮತ್ತು ಹಣ ಕೊಟ್ಟು ಕುಡಿದದ್ದರಿಂದಲೇ ಗುಣವಾಯಿತೆಂದು ನಂಬುವುದು ಬಹಳ ಸುಲಭ. ಆದ್ದರಿಂದ ರುಚಿ, ಬೆಲೆ, ದಾಸ್ತಾನುಗಳ ಬಗ್ಗೆ ನನ್ನ ಅನುಭವವನ್ನೂ, ಪರಿಣಾಮದ ಬಗ್ಗೆ ಪ್ರಕಟವಾದ ಸಂಶೋಧನೆಗಳನ್ನೂ ಆಧರಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಪಾನೀಯದ ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. ಮಕ್ಕಳು ಸೋಂಕು ಮತ್ತು ಅಪೌಷ್ಟಿಕತೆಯಿಂದ ಸಾಯುತ್ತಿದ್ದ ಕಾಲದ ಜಪಾನಿನಲ್ಲಿ, ಕ್ಯೋಟೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ಮಿನೋರು ಶಿರೋಟಾ ಎಂಬ ವೈದ್ಯ ವಿಜ್ಞಾನಿ 1930ರಲ್ಲಿ ಜಠರಾಮ್ಲವನ್ನೂ ಪಿತ್ತರಸವನ್ನೂ ತಾಳಿಕೊಂಡು ಜೀವಂತವಾಗಿ ಕರುಳನ್ನು ತಲಪಬಲ್ಲ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಬೇರ್ಪಡಿಸಿ ಬೆಳೆಸಿದರು. 1935ರಲ್ಲಿ ಅದನ್ನು ಹಾಕಿ ಹುದುಗಿಸಿದ ಹಾಲಿನ ಪಾನೀಯ ಮಾರಾಟಕ್ಕೆ ಬಂತು. ಅದಕ್ಕೂ ಮೊದಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಹುಳಿ ಹಾಲಿನ ಬ್ಯಾಕ್ಟೀರಿಯಾ ಮನುಷ್ಯನ ಮುಪ್ಪನ್ನು ಮುಂದೂಡಬಹುದೆಂದು ವಾದಿಸಿದ್ದರು; 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕೆ, ಮೊಸರಿನ ವಾದಕ್ಕಲ್ಲ ಎಂಬುದನ್ನು ಜಾಹೀರಾತು ಬರೆಯುವವರು ಅನೇಕ ಸಲ ಮರೆಯುತ್ತಾರೆ. ಭಾರತದಲ್ಲಿ ಯಾಕುಲ್ಟ್ 2008ರ ಹೊತ್ತಿಗೆ ಮೊದಲು ದೆಹಲಿಯಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿಗೆ ಬರುವ ಬಾಟಲಿಗಳು ಹರಿಯಾಣದ ಸೋನೆಪತ್ ಜಿಲ್ಲೆಯ ಕಾರ್ಖಾನೆಯಲ್ಲಿ ತಯಾರಾಗುತ್ತವೆ.

ರುಚಿಯ ವಿಷಯದಲ್ಲಿ ದೂರುವಂಥದ್ದೇನಿಲ್ಲ. ತೆಳುವಾದ, ತಿಳಿ ಕಂದುಬಣ್ಣದ ದ್ರವ. ಮೊದಲು ಸಿಹಿ, ಆಮೇಲೆ ಮೆಲುವಾದ ಹುಳಿ, ಹಣ್ಣಿನ ಹುಳಿಯ ಪರಿಮಳ. ಬಣ್ಣ ಹಾಕಿ ಮಾಡಿದ್ದೆಂದು ಕೆಲವರು ಶಂಕಿಸುವುದುಂಟು, ಆದರೆ ಆ ಕಂದು ಹಾಲಿನ ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಬಿಸಿಯಲ್ಲಿ ಕೂಡಿದಾಗ ತಾನಾಗಿ ಬರುವ ಬಣ್ಣ. ಹಾಲನ್ನು ಹೊತ್ತುಗಟ್ಟಲೆ ಕುದಿಸಿದರೆ ಕಂದು ಬಣ್ಣಕ್ಕೆ ತಿರುಗುವುದನ್ನು ಕಂಡವರಿಗೆ ಇದು ಹೊಸತೇನಲ್ಲ. ಮಕ್ಕಳು ಎರಡನೆಯ ಬಾಟಲಿ ಕೇಳುತ್ತಾರೆ, ಮತ್ತು ಕೇಳುವುದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ. ಪದಾರ್ಥಗಳ ಪಟ್ಟಿಯಲ್ಲಿ ನೀರಿನ ನಂತರ ಬರುವುದೇ ಸಕ್ಕರೆ. ಕೆನೆ ತೆಗೆದ ಹಾಲಿನ ಪುಡಿ ಅದಕ್ಕಿಂತ ಹಿಂದೆ ನಿಂತಿದೆ. ಗ್ಲೂಕೋಸ್ ಬೇರೆ ಇದೆ. ಬಾಟಲಿಯೊಂದರಿಂದ ಬರುವ ಸುಮಾರು ಐವತ್ತು ಕ್ಯಾಲೊರಿಯಲ್ಲಿ ಬಹುಪಾಲು ಸಿಹಿಯಿಂದಲೇ ಬರುತ್ತದೆ. ಇಷ್ಟು ಚಿಕ್ಕ ಬಾಟಲಿಗೆ ಇದು ಹೆಚ್ಚು. ಸಕ್ಕರೆ ಇಲ್ಲದಿದ್ದರೆ ಇಷ್ಟು ಹುಳಿಯಾದ ದ್ರವವನ್ನು ಯಾರೂ ಬಾಯಿಗೆ ಇಡುತ್ತಿರಲಿಲ್ಲವೆಂಬುದು ನಿಜವಾದರೂ, ಸಕ್ಕರೆ ಕಾಯಿಲೆ ಇರುವವರು ಮತ್ತು ದಿನವೂ ಎರಡು ಸಲ ಸಿಹಿ ಕಾಫಿ ಕುಡಿಯುವವರು ಈ ಲೆಕ್ಕವನ್ನು ಕಣ್ಣಿಟ್ಟು ನೋಡಬೇಕು. ಸಕ್ಕರೆ ಕಡಿಮೆ ಇರುವ ಯಾಕುಲ್ಟ್ ಲೈಟ್ ಎಂಬ ಇನ್ನೊಂದು ಬಗೆಯೂ ಸಿಗುತ್ತದೆ. ಬ್ಯಾಕ್ಟೀರಿಯಾದ ತಳಿ ಅದೇ ಆಗಿರುವುದರಿಂದ, ಕೊಳ್ಳುವುದಾದರೆ ಅದನ್ನೇ ಕೊಳ್ಳುವುದು ಜಾಣತನ.

ಬಾಟಲಿಯ ಮೇಲಿನ ಚೀಟಿಯ ಪ್ರಾಮಾಣಿಕತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಪ್ರೊಬಯಾಟಿಕ್ ಎಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನವನ್ನು ಉಂಟುಮಾಡುವ ಜೀವಂತ ಸೂಕ್ಷ್ಮಜೀವಿಗಳು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ನೀಡಿದ ವ್ಯಾಖ್ಯೆ. ಇದರಲ್ಲಿ ಮೂರು ಷರತ್ತುಗಳಿವೆ: ಜೀವಿ ಬದುಕಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ದಿನದ ಸೇವನೆಯಲ್ಲಿ ಕನಿಷ್ಠ ಹತ್ತು ಕೋಟಿ ಜೀವಂತ ಜೀವಿಗಳಿರಬೇಕೆಂದು ಹೇಳುತ್ತದೆ. ಯಾಕುಲ್ಟ್ ಬಾಟಲಿಯ ಮೇಲೆ ನಮೂದಾಗಿರುವುದು 650 ಕೋಟಿಗೂ ಮಿಗಿಲು. ಕುಲ, ಪ್ರಭೇದ, ತಳಿ ಮೂರರ ಹೆಸರೂ ಇದೆ: ಲ್ಯಾಕ್ಟೋಬ್ಯಾಸಿಲಸ್ ಕೇಸಿ ಶಿರೋಟಾ. (2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಕುಲವನ್ನೇ ಒಡೆದು ಹಲವು ಕುಲಗಳನ್ನಾಗಿ ಮಾಡಿದ್ದರಿಂದ ಇದರ ಈಗಿನ ಶಾಸ್ತ್ರೀಯ ಹೆಸರು ಲ್ಯಾಕ್ಟಿಕೇಸಿಬ್ಯಾಸಿಲಸ್ ಪ್ಯಾರಾಕೇಸಿ, ಕೊಳ್ಳುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.) ತಳಿಯ ಹೆಸರು ಏಕೆ ಮುಖ್ಯವೆಂದರೆ, ಒಂದೇ ಪ್ರಭೇದದ ಎರಡು ತಳಿಗಳು ಕರುಳಿನಲ್ಲಿ ಒಂದೇ ಬಗೆಯಾಗಿ ವರ್ತಿಸಬೇಕೆಂದಿಲ್ಲ, ಒಂದು ತಳಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದಕ್ಕೆ ಆರೋಪಿಸುವುದು ನ್ಯಾಯವೂ ಅಲ್ಲ. ಇ. ಕೋಲಿ ಎಂಬ ಒಂದೇ ಪ್ರಭೇದದಲ್ಲಿ ನಮ್ಮ ಕರುಳಿನಲ್ಲಿ ಸುಮ್ಮನೆ ಬದುಕಿಕೊಂಡಿರುವ ತಳಿಗಳೂ ರಕ್ತಭೇದಿ ತರುವ ತಳಿಗಳೂ ಇವೆ. ಬರಿಯ ‘ಪ್ರೊಬಯಾಟಿಕ್‌ಯುಕ್ತ’ ಎಂದಷ್ಟೇ ಬರೆದು ತಳಿಯನ್ನು ಹೇಳದ ಪೊಟ್ಟಣವನ್ನು ನಾನು ಕಪಾಟಿಗೆ ವಾಪಸು ಇಡುತ್ತೇನೆ.

ಆದರೆ ಕಾರ್ಖಾನೆಯಲ್ಲಿ ತುಂಬಿದ ಸಂಖ್ಯೆ ನಮ್ಮ ಬಾಯಿಯವರೆಗೆ ಉಳಿಯುವುದು ದಾರಿಯುದ್ದಕ್ಕೂ ತಂಪು ಉಳಿದರೆ ಮಾತ್ರ. ಇದನ್ನು ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕು. ಆ ತಂಪಿನಲ್ಲಿ ಬ್ಯಾಕ್ಟೀರಿಯಾ ಮಂದವಾಗಿ ಉಳಿಯುತ್ತವೆ, ಬಿಸಿಯಾದರೆ ಚುರುಕಾಗಿ ಆಮ್ಲ ಮಾಡಿ ತಾವು ಮಾಡಿದ ಆಮ್ಲದಲ್ಲಿಯೇ ಕ್ಷೀಣಿಸುತ್ತವೆ. ನಾವು ವಾಡಿಕೆಯಾಗಿ ಹೋಗುತ್ತಿದ್ದ ಒಂದು ಅಂಗಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಈ ಬಾಟಲಿಗಳ ಪೆಟ್ಟಿಗೆಗಳು ಫ್ರಿಜ್ಜಿನ ಹೊರಗೆ, ಬಿಸ್ಕತ್ತಿನ ರಾಶಿಯ ಪಕ್ಕದಲ್ಲಿ ಕುಳಿತಿದ್ದನ್ನು ಕಂಡ ಮೇಲೆ ಅಲ್ಲಿ ಕೊಳ್ಳುವುದನ್ನು ಬಿಟ್ಟೆವು. ಬಾಟಲಿಯನ್ನು ನೋಡಿ ಇದನ್ನು ಪತ್ತೆಹಚ್ಚುವ ಉಪಾಯ ಗ್ರಾಹಕನಿಗೆ ಇಲ್ಲ. ರುಚಿ ವಾಡಿಕೆಗಿಂತ ಹುಳಿಯಾಗಿದ್ದರೆ ಅನುಮಾನಿಸಬಹುದು, ಅಷ್ಟೆ. ದಿನಾಂಕದಲ್ಲಿ ಹೊಸತಾದದ್ದನ್ನು, ವ್ಯಾಪಾರ ಚುರುಕಾಗಿರುವ ಅಂಗಡಿಯಲ್ಲಿ, ಸಾಮಾನುಗಳನ್ನೆಲ್ಲ ಕೊಂಡ ಮೇಲೆ ಕೊನೆಯಲ್ಲಿ ಎತ್ತಿಕೊಂಡು ನೇರವಾಗಿ ಮನೆಗೆ ಬರುವುದೊಂದೇ ದಾರಿ.

ಇನ್ನು ಮುಖ್ಯವಾದ ಪ್ರಶ್ನೆ. ಈ 650 ಕೋಟಿ ಜೀವಿಗಳು ಒಳಗೆ ಹೋಗಿ ಮಾಡುವುದೇನು? ಇದಕ್ಕೆ ಉತ್ತರ ಬೇಕಾದರೆ, ಅಲ್ಲಿ ಆಗಲೇ ಇರುವವು ಯಾರು, ಅವು ಮಾಡುತ್ತಿರುವುದೇನು ಎಂಬುದನ್ನು ಮೊದಲು ತಿಳಿಯಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಳೆಯ ಅಂದಾಜುಗಳನ್ನು ತಿದ್ದಿ ಲೆಕ್ಕ ಹಾಕಿದಂತೆ, ಸಾಧಾರಣ ಮೈಕಟ್ಟಿನ ಗಂಡಸಿನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ನಮ್ಮ ಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಎಂದು ಇಂದಿಗೂ ಪ್ರೊಬಯಾಟಿಕ್ ಪೊಟ್ಟಣಗಳ ಮೇಲೂ ಭಾಷಣಗಳಲ್ಲಿಯೂ ಕಾಣುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುತೇಕ ಎಲ್ಲವೂ ಇರುವುದು ದೊಡ್ಡ ಕರುಳಿನಲ್ಲಿ. ಭಾಗಿಸಿ ನೋಡಿದರೆ, ಬಾಟಲಿಯೊಂದರ ಬ್ಯಾಕ್ಟೀರಿಯಾ ಆ ಸಮುದಾಯದ ಸುಮಾರು ಆರು ಸಾವಿರದಲ್ಲಿ ಒಂದು ಪಾಲು. 650 ಕೋಟಿ ಎಂಬ ಸಂಖ್ಯೆ ಚೀಟಿಯ ಮೇಲೆ ಎಷ್ಟು ದೊಡ್ಡದಾಗಿ ಕಂಡರೂ ದೊಡ್ಡ ಕರುಳಿನ ಮಟ್ಟಿಗೆ ಅದು ಜಾತ್ರೆಗೆ ಬಂದ ಒಂದು ಕುಟುಂಬವಷ್ಟೆ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾಗಳು ಬಹಳ ವಿರಳವಾಗಿರುವುದರಿಂದ, ಅಲ್ಲಿ ಹಾದುಹೋಗುವ ಕೆಲವು ಗಂಟೆಗಳ ಕಾಲ ಇಷ್ಟು ಸಂಖ್ಯೆಗೆ ಸ್ವಲ್ಪ ತೂಕ ಬರಬಹುದು ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ದೊಡ್ಡ ಕರುಳಿನ ನಿವಾಸಿಗಳು ಮಾಡುವ ಕೆಲಸ ಅಲ್ಪವಲ್ಲ. ನಮ್ಮ ಕಿಣ್ವಗಳಿಗೆ ಜೀರ್ಣವಾಗದ ನಾರು ಅವುಗಳ ಆಹಾರ. ಅದನ್ನು ಹುದುಗಿಸಿ ಅವು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನು ರಕ್ತದಿಂದ ಪಡೆಯದೆ ಈ ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ಅದೇ ಬ್ಯುಟಿರೇಟ್ ಉರಿಯೂತವನ್ನು ಹದ್ದಿನಲ್ಲಿಡುವ ರೋಗನಿರೋಧಕ ಕೋಶಗಳಿಗೂ ಒತ್ತಾಸೆಯಾಗುತ್ತದೆ. ಬ್ಯುಟಿರೇಟ್ ತಯಾರಿಸುವವುಗಳಲ್ಲಿ ಪ್ರಮುಖವಾದ ಫೀಕ್ಯಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿಯೈ ಎಂಬುದು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ರೋಗಿಗಳ ಕರುಳಿನಲ್ಲಿ ಕಡಿಮೆಯಾಗಿರುವುದನ್ನು ಫ್ರಾನ್ಸಿನ ವೈದ್ಯರು 2008ರಲ್ಲಿ ತೋರಿಸಿದರು. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಪಿತ್ತರಸದ ಆಮ್ಲಗಳನ್ನು ರೂಪಾಂತರಿಸುತ್ತವೆ, ಕೆ ಜೀವಸತ್ವವನ್ನೂ ಬಿ ಗುಂಪಿನ ಕೆಲವನ್ನೂ ತಯಾರಿಸುತ್ತವೆ, ಜಾಗವನ್ನು ತುಂಬಿಕೊಂಡು ರೋಗಾಣುಗಳಿಗೆ ಎಡೆ ಇಲ್ಲದಂತೆ ಮಾಡುತ್ತವೆ. ತಾಯಿಯ ಹಾಲಿನಲ್ಲಿರುವ ಕೆಲವು ಸಂಕೀರ್ಣ ಸಕ್ಕರೆಗಳು ಮಗುವಿಗೆ ಜೀರ್ಣವೇ ಆಗುವುದಿಲ್ಲ. ಅವು ಇರುವುದು ಮಗುವಿನ ಕರುಳಿನ ಬಿಫಿಡೋಬ್ಯಾಕ್ಟೀರಿಯಾಗಳಿಗಾಗಿ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಔಷಧವನ್ನು ಎಗರ್ಥೆಲ್ಲಾ ಲೆಂಟಾ ಎಂಬ ಕರುಳಿನ ಬ್ಯಾಕ್ಟೀರಿಯಾ ನಿಷ್ಕ್ರಿಯಗೊಳಿಸಬಲ್ಲದು, ಆದ್ದರಿಂದ ಒಂದೇ ಗುಳಿಗೆ ಇಬ್ಬರು ರೋಗಿಗಳಲ್ಲಿ ಒಂದೇ ಬಗೆಯಾಗಿ ಕೆಲಸ ಮಾಡದಿರಬಹುದು.

ಈ ಸಮುದಾಯ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಸೋಂಕಿಗಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಆಂಟಿಬಯಾಟಿಕ್ ಕೊಟ್ಟು ನಿವಾಸಿಗಳನ್ನು ಒಕ್ಕಲೆಬ್ಬಿಸಿದ ಮೇಲೆ ಈ ರೋಗಾಣು ತಲೆಯೆತ್ತಿ ತೀವ್ರವಾದ ಭೇದಿಯನ್ನು ತರುತ್ತದೆ, ಗುಣವಾದಂತೆ ಕಂಡು ಮತ್ತೆ ಮತ್ತೆ ಮರುಕಳಿಸುತ್ತದೆ. ಆ್ಯಮ್‌ಸ್ಟರ್‌ಡ್ಯಾಮಿನ ವೈದ್ಯರು ಆರೋಗ್ಯವಂತರ ಮಲದ ದ್ರಾವಣವನ್ನು ಇಂಥ ರೋಗಿಗಳ ಕರುಳಿಗೆ ಸೇರಿಸಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಹದಿನಾರು ರೋಗಿಗಳಲ್ಲಿ ಹದಿಮೂರು ಮಂದಿ ಒಂದೇ ಸಲಕ್ಕೆ ಗುಣವಾದರು, ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರ ಪಡೆದ ಹದಿಮೂರು ಮಂದಿಯಲ್ಲಿ ಗುಣವಾದವರು ನಾಲ್ವರು. ಕೇಳುವುದಕ್ಕೆ ಹೇಸಿಗೆಯಾದರೂ ಕರುಳಿನ ಬ್ಯಾಕ್ಟೀರಿಯಾ ರೋಗವನ್ನು ಗುಣಪಡಿಸಬಲ್ಲದೆಂಬುದಕ್ಕೆ ಇಷ್ಟು ಗಟ್ಟಿಯಾದ ಪುರಾವೆ ಬೇರೆ ಕಡೆ ಸಿಗುವುದು ಕಷ್ಟ. 2022ರ ಕೊನೆಯಲ್ಲಿ ಮತ್ತು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದೇ ತತ್ತ್ವದ ಎರಡು ಔಷಧಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಗಮನಿಸಬೇಕಾದದ್ದೆಂದರೆ, ಇಲ್ಲಿ ಒಳಗೆ ಹೋದದ್ದು ಇಡೀ ಒಂದು ಸಮುದಾಯ. ಬಾಟಲಿಯಲ್ಲಿ ಬರುವುದು ಒಂದೇ ಒಂದು ತಳಿ, ಅದೂ ದೊಡ್ಡ ಕರುಳಿನಲ್ಲಿ ಎಂದೂ ಬಹುಸಂಖ್ಯಾತವಾಗಿಲ್ಲದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ.

ಶಿರೋಟಾ ತಳಿ ಜೀವಂತವಾಗಿಯೇ ಕರುಳನ್ನು ದಾಟಿ ಬರುತ್ತದೆ ಎಂಬ ಕಂಪನಿಯ ಮಾತು ಸತ್ಯ. ಕುಡಿದವರ ಮಲದಿಂದ ಅದನ್ನು ಜೀವಂತವಾಗಿ ಮರಳಿ ಬೆಳೆಸಿ ತೋರಿಸಿದ ಅಧ್ಯಯನಗಳಿವೆ. ಆದರೆ ಅದು ಅಲ್ಲಿ ನೆಲೆಸುವುದಿಲ್ಲ. ಕುಡಿಯುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಾಣೆಯಾಗುತ್ತದೆ, ಆದ್ದರಿಂದಲೇ ಪ್ರತಿದಿನ ಕುಡಿಯಿರಿ ಎಂಬ ಸಲಹೆ. ‘ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾವನ್ನು ಮರಳಿ ತುಂಬುತ್ತದೆ’ ಎಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ.

ನೆಲೆಸದಿದ್ದರೂ ಹಾದುಹೋಗುವಾಗ ಉಪಕಾರ ಮಾಡಬಹುದಲ್ಲ ಎಂಬುದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರವಿರುವುದು ಕೋಲ್ಕತ್ತದಲ್ಲಿ ನಡೆದ ಪ್ರಯೋಗದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರಾಷ್ಟ್ರೀಯ ಕಾಲರಾ ಮತ್ತು ಕರುಳಿನ ರೋಗಗಳ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಕೊಳೆಗೇರಿಯೊಂದರ ಒಂದರಿಂದ ಐದು ವರ್ಷದ 3758 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೊಂದು ಯಾಕುಲ್ಟ್ ಬಾಟಲಿಯನ್ನೂ ಇನ್ನೊಂದಕ್ಕೆ ಬ್ಯಾಕ್ಟೀರಿಯಾ ಇಲ್ಲದ ಪೌಷ್ಟಿಕ ಪಾನೀಯವನ್ನೂ ಹನ್ನೆರಡು ವಾರ ಕುಡಿಸಿದರು. ಆಮೇಲೆ ಇನ್ನೂ ಹನ್ನೆರಡು ವಾರ ಗಮನಿಸಿದರು. ಯಾರಿಗೆ ಯಾವುದೆಂದು ಮಕ್ಕಳ ಮನೆಯವರಿಗೂ ತಿಳಿದಿರಲಿಲ್ಲ. ಪ್ರೊಬಯಾಟಿಕ್ ಗುಂಪಿನಲ್ಲಿ 608 ಮಕ್ಕಳಿಗೆ ಭೇದಿಯಾಯಿತು, ಇನ್ನೊಂದರಲ್ಲಿ 674 ಮಕ್ಕಳಿಗೆ. ವರ್ಷದ ಲೆಕ್ಕಕ್ಕೆ ತಂದರೆ ಮಗುವೊಂದಕ್ಕೆ ಸರಾಸರಿ 1.03 ಸಲ ಆಗುತ್ತಿದ್ದ ಭೇದಿ 0.88 ಸಲಕ್ಕೆ ಇಳಿಯಿತು. ಶೇಕಡ 14ರಷ್ಟು ರಕ್ಷಣೆ. 2011ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ಗೌರವದಿಂದಲೇ ಓದುತ್ತೇನೆ, ಏಕೆಂದರೆ ಇಷ್ಟು ಮಕ್ಕಳ ಮನೆಗೆ ವಾರಗಟ್ಟಲೆ ಬಾಟಲಿ ತಲಪಿಸಿ ಲೆಕ್ಕ ಇಡುವುದು ಸುಲಭವಲ್ಲ, ಮತ್ತು ಫಲಿತಾಂಶ ನಿಜವಾದದ್ದು. ಆದರೆ ಅದರ ಗಾತ್ರವನ್ನೂ ನೋಡಬೇಕು. ಕುಡಿಯುವ ನೀರೂ ಚರಂಡಿಯೂ ಸರಿಯಿಲ್ಲದ, ಭೇದಿ ಪದೇ ಪದೇ ಬರುವ ಜಾಗದಲ್ಲಿ ಸಿಕ್ಕ ಪ್ರಯೋಜನ ಇದು. ಶುದ್ಧ ನೀರಿನ ವ್ಯವಸ್ಥೆಯಿರುವ ಜಯನಗರದ ಮನೆಯ, ವರ್ಷಕ್ಕೊಮ್ಮೆಯೂ ಭೇದಿಯಾಗದ ಮಗುವಿಗೆ ಇದೇ ಶೇಕಡ 14 ಎಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಯಾವ ಮಕ್ಕಳಿಗೆ ಇದು ಪ್ರಯೋಜನಕಾರಿಯೋ ಅವರ ಮನೆಯವರಿಗೆ ದಿನವೂ ಬಾಟಲಿ ಕೊಳ್ಳುವ ಶಕ್ತಿ ಇಲ್ಲ.

ಮಲಬದ್ಧತೆಯ ವಿಷಯದಲ್ಲಿಯೂ ಈ ತಳಿಯ ಪರವಾಗಿ ಸಾಕ್ಷಿ ಇದೆ. ಜರ್ಮನಿಯಲ್ಲಿ ದೀರ್ಘಕಾಲದ ಮಲಬದ್ಧತೆಯಿದ್ದ 70 ಮಂದಿಗೆ ನಾಲ್ಕು ವಾರ ದಿನಕ್ಕೆ 65 ಮಿಲಿಲೀಟರ್ ಪಾನೀಯ ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ಇಲ್ಲದ ಪಾನೀಯ ಕುಡಿದವರಿಗಿಂತ ಇದನ್ನು ಕುಡಿದವರಿಗೆ ಹೆಚ್ಚು ನಿರಾಳವಾಯಿತೆಂದು 2003ರಲ್ಲಿ ವರದಿಯಾಗಿದೆ. ಚಿಕ್ಕ ಪ್ರಯೋಗವೇ ಆದರೂ ನಮ್ಮ ಮನೆಯ ಅನುಭವವೂ ಈ ದಿಕ್ಕಿಗೇ ವಾಲುತ್ತದೆ. ಮೊದಲೇ ಹೇಳಿದ ಎಚ್ಚರಿಕೆಯೊಂದಿಗೆ ಇದನ್ನು ಸ್ವೀಕರಿಸಬೇಕು. ನೆಗಡಿ, ಗಂಟಲುನೋವುಗಳನ್ನು ತಡೆಯುವ ಶಕ್ತಿ ಈ ತಳಿಗಿದೆ ಎಂಬ ವಾದವನ್ನು ಮಾತ್ರ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪರಿಶೀಲಿಸಿ, ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲವೆಂದು ಹೇಳಿತು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ತೀರ್ಪು ನೆನಪಿನಲ್ಲಿದ್ದರೆ ಒಳ್ಳೆಯದು.

ಈ ಬಾಟಲಿಯನ್ನು ಜನ ಹೆಚ್ಚಾಗಿ ನೆನೆಸಿಕೊಳ್ಳುವುದು ಆಂಟಿಬಯಾಟಿಕ್ ನುಂಗುತ್ತಿರುವಾಗ. ಇಲ್ಲಿ ಸಂಶೋಧನೆಗಳು ಒಂದನ್ನೊಂದು ಎಳೆದಾಡುತ್ತವೆ. 2007ರಲ್ಲಿ ಲಂಡನ್ನಿನ ಆಸ್ಪತ್ರೆಗಳ 135 ಹಿರಿಯ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಬೇರೊಂದು ಕಂಪನಿಯ ಪ್ರೊಬಯಾಟಿಕ್ ಹಾಲಿನ ಪಾನೀಯ ಕುಡಿದವರಲ್ಲಿ ಶೇಕಡ 12 ಮಂದಿಗೆ, ಕುಡಿಯದವರಲ್ಲಿ ಶೇಕಡ 34 ಮಂದಿಗೆ ಭೇದಿಯಾಯಿತು. ಆದರೆ 2013ರಲ್ಲಿ ಬ್ರಿಟನ್ನಿನಲ್ಲಿಯೇ ಸುಮಾರು ಮೂರು ಸಾವಿರ ಹಿರಿಯ ರೋಗಿಗಳ ಮೇಲೆ ಬೇರೆ ತಳಿಗಳನ್ನು ಬಳಸಿ ನಡೆಸಿದ ಬಹಳ ದೊಡ್ಡ ಪ್ರಯೋಗದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ: ಶೇಕಡ 10.8 ಮತ್ತು ಶೇಕಡ 10.4. ಇವೆರಡರಲ್ಲಿ ಯಾವುದೂ ಶಿರೋಟಾ ತಳಿಯದಲ್ಲ. ಇನ್ನೂ ಯೋಚನೆಗೆ ಹಚ್ಚುವಂಥದ್ದು ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನ: ಆಂಟಿಬಯಾಟಿಕ್ ಆದ ಮೇಲೆ ಹನ್ನೊಂದು ತಳಿಗಳ ಪ್ರೊಬಯಾಟಿಕ್ ಮಿಶ್ರಣ ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾ ಸಮುದಾಯ ಮೊದಲಿನ ಸ್ಥಿತಿಗೆ ಮರಳುವುದು, ಏನೂ ತೆಗೆದುಕೊಳ್ಳದೆ ಸುಮ್ಮನಿದ್ದವರಿಗಿಂತ ತಡವಾಯಿತು. ಬಂದ ಅತಿಥಿಗಳು ಮನೆಯವರನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗಾಯಿತು. ಭಾಗವಹಿಸಿದವರು ಕೆಲವೇ ಜನರಾದ್ದರಿಂದ ಇದನ್ನು ಅಂತಿಮವೆಂದು ಹಿಡಿಯಲಾಗದು, ಆದರೂ ‘ಕುಡಿದರೆ ನಷ್ಟವೇನು’ ಎಂಬ ನಿಶ್ಚಿಂತೆಗೆ ಇದು ಒಂದು ಪ್ರಶ್ನೆಯನ್ನು ಹಾಕಿದೆ. ಔಷಧದ ಅಂಗಡಿಯ ಸರಕು ಬೇರೆ ಬಗೆಯದು: ಬ್ಯಾಸಿಲಸ್ ಕ್ಲಾಸಿಯೈ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳ ಪುಟ್ಟ ಕುಪ್ಪಿಗಳಿಗೆ ಫ್ರಿಜ್ ಬೇಡ, ಸ್ಯಾಕರೊಮೈಸಿಸ್ ಬೊಲಾರ್ಡಿಯೈ ಎಂಬುದು ಯೀಸ್ಟ್ ಆದ್ದರಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ವೈದ್ಯರು ಇವನ್ನು ಬರೆದುಕೊಟ್ಟಿದ್ದರೆ ಅದರ ಬದಲಿಗೆ ಯಾಕುಲ್ಟ್ ಸಾಕೆಂದು ತಾವೇ ತೀರ್ಮಾನಿಸುವುದು ಸರಿಯಲ್ಲ. ಮಕ್ಕಳ ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಬಿಟ್ಟು ಇದನ್ನು ನೆಚ್ಚುವುದಂತೂ ತಪ್ಪು. ಅಮೆರಿಕದ ಜಠರ ಮತ್ತು ಕರುಳು ತಜ್ಞರ ಸಂಘ 2020ರಲ್ಲಿ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ಹೊಟ್ಟೆಯ ಹೆಚ್ಚಿನ ಕಾಯಿಲೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡಲು ಆಧಾರ ಸಾಲದೆಂದು ಹೇಳಿದೆ.

ಕುಡಿಯಬಾರದವರು ಯಾರು ಎಂಬುದಕ್ಕೆ ಚೀಟಿ ಹೆಚ್ಚು ಜಾಗ ಕೊಡುವುದಿಲ್ಲ. ನೆದರ್ಲೆಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳಿಗೆ ಸೋಂಕು ತಡೆಯಬಹುದೆಂದು ಹಲವು ತಳಿಗಳ ಪ್ರೊಬಯಾಟಿಕ್ ಮಿಶ್ರಣವನ್ನು ನಳಿಕೆಯ ಮೂಲಕ ಕೊಟ್ಟಾಗ, ಆ ಗುಂಪಿನಲ್ಲಿ ಶೇಕಡ 16 ಮಂದಿ ತೀರಿಕೊಂಡರು, ಕೊಡದ ಗುಂಪಿನಲ್ಲಿ ಶೇಕಡ 6. ಇದು 2008ರಲ್ಲಿ ಪ್ರಕಟವಾದ ಫಲಿತಾಂಶ. ಅದು ಯಾಕುಲ್ಟ್ ಅಲ್ಲ, ಅಂಥ ರೋಗಿಗಳು ಅಂಗಡಿಯಿಂದ ಬಾಟಲಿ ತಂದು ಕುಡಿಯುವವರೂ ಅಲ್ಲ. ಆದರೂ ಆಸ್ಪತ್ರೆಯಲ್ಲಿ ತೀವ್ರ ನಿಗಾದಲ್ಲಿರುವವರಿಗೆ, ಕೀಮೋಥೆರಪಿ ನಡೆಯುತ್ತಿರುವವರಿಗೆ, ಅಂಗ ಕಸಿ ಮಾಡಿಸಿಕೊಂಡವರಿಗೆ ನೆಂಟರು ಹಣ್ಣಿನ ಜೊತೆಗೆ ಇದನ್ನೂ ಒಯ್ಯುವ ಮೊದಲು ವೈದ್ಯರನ್ನು ಕೇಳಬೇಕು. ಹಾಲು ಒಗ್ಗದವರಿಗೂ ಇದು ಸಲ್ಲ.

ಕೊನೆಗೆ ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಮನೆಯ ಮೊಸರಿದ್ದ ಮೇಲೆ ಇದೇಕೆ? ಕಟ್ಟುನಿಟ್ಟಾಗಿ ನೋಡಿದರೆ ಮನೆಯ ಮೊಸರನ್ನು ಪ್ರೊಬಯಾಟಿಕ್ ಎನ್ನಲಾಗದು. ಅದರಲ್ಲಿರುವ ತಳಿಗಳು ಮನೆಯಿಂದ ಮನೆಗೆ, ಹೆಪ್ಪಿನಿಂದ ಹೆಪ್ಪಿಗೆ ಬೇರೆ, ಅವು ಎಷ್ಟಿವೆಯೋ ಜಠರಾಮ್ಲವನ್ನು ದಾಟುತ್ತವೆಯೋ ಯಾರೂ ಅಳೆದಿಲ್ಲ. ಕೋಲ್ಕತ್ತದ ಫಲಿತಾಂಶವನ್ನು ಮೊಸರಿನ ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಹಾಗೆಂದು ಹುದುಗಿದ ಆಹಾರಕ್ಕೆ ತನ್ನದೇ ಸಾಕ್ಷಿ ಇಲ್ಲವೆಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ ಹತ್ತು ವಾರ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಸರು, ಕೆಫೀರ್, ಕಿಮ್ಚಿಯಂಥ ಹುದುಗಿದ ಆಹಾರವನ್ನು ಧಾರಾಳವಾಗಿ ತಿಂದವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರು ಹೆಚ್ಚಾಗಿ ತಿಂದ ಗುಂಪಿನಲ್ಲಿ ಇಷ್ಟು ಬೇಗ ವೈವಿಧ್ಯ ಹೆಚ್ಚಲಿಲ್ಲವೆಂಬುದು ಸಂಶೋಧಕರಿಗೇ ಅಚ್ಚರಿ ತಂದಿತು. ನಮ್ಮ ಇಡ್ಲಿ, ದೋಸೆಗಳನ್ನು ಇದೇ ಸಾಲಿಗೆ ಸೇರಿಸಿ ಹೊಗಳುವುದು ರೂಢಿ. ಹಿಟ್ಟು ಹುಳಿಯುವಾಗ ಅದರಲ್ಲಿ ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ ನಿಜ, ಆದರೆ ಹಬೆಯಲ್ಲೋ ಕಾವಲಿಯಲ್ಲೋ ಬೆಂದ ಮೇಲೆ ಅವು ಬದುಕಿರುವುದಿಲ್ಲ. ಜೀವಂತವಾಗಿ ಒಳಗೆ ಹೋಗುವುದು ಮೊಸರು, ಮಜ್ಜಿಗೆ, ರಾತ್ರಿ ನೀರೆರೆದಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಉಣ್ಣುವ ತಂಗಳನ್ನ ಮತ್ತು ಆರಿದ ಮೇಲೆ ಮಜ್ಜಿಗೆ ಸೇರಿಸಿದ ರಾಗಿ ಅಂಬಲಿಯಂಥವು. ಆರಿದ ಅನ್ನದಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುವ ಪಿಷ್ಟ ಸ್ವಲ್ಪ ಹೆಚ್ಚುವುದರಿಂದ ನಿವಾಸಿಗಳಿಗೂ ಊಟ ಸಿಗುತ್ತದೆ.

ನಿವಾಸಿಗಳಿಗೆ ಊಟ ಹಾಕುವ ಈ ದಾರಿಯನ್ನು ಗಂಭೀರವಾಗಿ ಹಿಡಿದವರಲ್ಲಿ ಅಮೆರಿಕದ ಜೆಫ್ರಿ ಗಾರ್ಡನ್ ಮತ್ತು ಬಾಂಗ್ಲಾದೇಶದ ತಹ್ಮೀದ್ ಅಹ್ಮದ್ ಎಂಬ ವಿಜ್ಞಾನಿಗಳ ತಂಡಗಳು ಪ್ರಮುಖವಾದವು. ಢಾಕಾದ ಮೀರ್‌ಪುರದ ಕೊಳೆಗೇರಿಯ ಅಪೌಷ್ಟಿಕ ಮಕ್ಕಳ ಕರುಳಿನಲ್ಲಿ ಕೊರತೆಯಾಗಿದ್ದ ಬ್ಯಾಕ್ಟೀರಿಯಾಗಳಿಗೆ ಒಗ್ಗುವಂತೆ ಕಡಲೆ ಹಿಟ್ಟು, ಸೋಯಾ, ಶೇಂಗಾ, ಬಾಳೆಕಾಯಿ ಸೇರಿಸಿ ಅವರು ಒಂದು ಪೂರಕ ಆಹಾರ ಮಾಡಿದರು. 2021ರಲ್ಲಿ ವರದಿಯಾದ 123 ಮಕ್ಕಳ ಪ್ರಯೋಗದಲ್ಲಿ, ಹೆಚ್ಚು ಕ್ಯಾಲೊರಿಯ ಹಳೆಯ ಪೂರಕ ಆಹಾರಕ್ಕಿಂತ ಇದರಿಂದ ಮಕ್ಕಳ ತೂಕ ಉತ್ತಮವಾಗಿ ಏರಿತು. ಒಂದು ತಳಿಯನ್ನು ಸರಿಯಾದ ವಯಸ್ಸಿನಲ್ಲಿ ಕೊಟ್ಟಾಗ ಆಗಬಹುದಾದ ಉಪಕಾರಕ್ಕೆ ನಿದರ್ಶನ ಒಡಿಶಾದಲ್ಲಿದೆ: ಪಿನಾಕಿ ಪಾಣಿಗ್ರಾಹಿ ಅವರ ತಂಡ ಹಳ್ಳಿಗಳ 4556 ನವಜಾತ ಶಿಶುಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲ್ಯಾಂಟೇರಮ್‌ನ ಒಂದು ತಳಿಯನ್ನು ಅದರ ಆಹಾರವಾದ ಸಕ್ಕರೆಯೊಂದಿಗೆ ಕೊಟ್ಟಾಗ, ರಕ್ತನಂಜು ಅಥವಾ ಸಾವಿಗೆ ಗುರಿಯಾದ ಶಿಶುಗಳ ಪ್ರಮಾಣ ಶೇಕಡ 9ರಿಂದ 5.4ಕ್ಕೆ ಇಳಿಯಿತು. ಇದನ್ನು ಓದಿ ಯಾಕುಲ್ಟನ್ನು ಎಳೆಗೂಸಿಗೆ ಕುಡಿಸಲು ಹೊರಡಬಾರದು. ಆ ತಳಿ ಬೇರೆ, ಈ ತಳಿ ಬೇರೆ.

ಬಾಟಲಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುವ ಈ ಪಾನೀಯವನ್ನು ಮನೆಯ ನಾಲ್ವರು ದಿನವೂ ಕುಡಿದರೆ ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಆ ಹಣವನ್ನು ಸೊಪ್ಪು, ಕಾಳು, ಹಣ್ಣುಗಳಿಗೆ ಹಾಕಿದರೆ ಕರುಳಿನ ನಿವಾಸಿಗಳಿಗೆ ಹೆಚ್ಚು ಸಂದಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ದೀರ್ಘಕಾಲದ ಮಲಬದ್ಧತೆಯಿಂದ ಬಳಲುವವರು ನಾಲ್ಕು ವಾರ ಲೈಟ್ ಬಗೆಯನ್ನು ಕುಡಿದು ನೋಡಲಿ. ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಲಿ. ಮೊಸರು ಸೇರದ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಹುದುಗಿದ ಆಹಾರ ಬೇರೇನೂ ಸಿಗದಿದ್ದಾಗ ಇದು ಒಂದು ಸಮಾಧಾನ. ವಸ್ತುವಾಗಿ ಯಾಕುಲ್ಟ್‌ಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ: ತಳಿಯ ಸ್ಪಷ್ಟತೆಗೆ ಪೂರ್ತಿ ಅಂಕ, ಸಕ್ಕರೆಗೆ ಕಡಿತ, ಪ್ರಯೋಜನದ ಗಾತ್ರಕ್ಕೆ ಇನ್ನೊಂದು ಕಡಿತ. ನಮ್ಮ ಡೇರಿಗಳು ಮಾರುವ ಮೊಸರಿನ ಪೊಟ್ಟಣಗಳ ಮೇಲೆಯೂ ಹೆಪ್ಪಿಗೆ ಬಳಸಿದ ತಳಿಗಳ ಹೆಸರು ಮತ್ತು ಕೊನೆಯ ದಿನಾಂಕದಂದು ಜೀವಂತವಾಗಿ ಉಳಿದಿರುವ ಸಂಖ್ಯೆ ಅಚ್ಚಾಗುವ ದಿನ ಬಂದರೆ, ಈ ಹೋಲಿಕೆಯನ್ನು ಮತ್ತೊಮ್ಮೆ, ಇನ್ನೂ ನ್ಯಾಯವಾಗಿ, ಮಾಡಬಹುದು.